ಹಿಂದಿನ ಟೈರನ್ನು ಕೇಳದೆ ಮೋಟಾರ್ ಆರಿಸಬೇಡಿ

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಉದ್ಯಮಬಾಗ್ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ತಂದೆಯ ಮಷಿನ್ ಶಾಪ್ ಇದೆ. ನಾವು ನಾಲ್ಕು ಜನ ಸೇರಿ ಪ್ರಾಜೆಕ್ಟ್‌ಗಾಗಿ ಒಂದು ರಿಯರ್ ವ್ಹೀಲ್ ಡ್ರೈವ್ ಸ್ಪೋರ್ಟ್ಸ್ ಕಾರಿನ ಹೈಬ್ರಿಡ್ ವ್ಯವಸ್ಥೆಯನ್ನು ಕಾಗದದ ಮೇಲೆ ಡಿಸೈನ್ ಮಾಡುತ್ತಿದ್ದೇವೆ. 1500 ಕೆಜಿ ಕಾರು, 450 ಪಿಎಸ್ (ಅಶ್ವಶಕ್ತಿ) ಟರ್ಬೊ ಪೆಟ್ರೋಲ್ ಇಂಜಿನ್, ಜೊತೆಗೆ 200 ಪಿಎಸ್ ಮೋಟಾರ್, 10 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂದುಕೊಂಡಿದ್ದೇವೆ. ಮೋಟಾರ್ ಎಲ್ಲಿ ಕೂರಿಸಬೇಕು? ಬ್ರೇಕ್ ಹಾಕಿದಾಗೆಲ್ಲ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ ಅಲ್ವಾ? ಮುಂದಿನ ಚಕ್ರಕ್ಕೆ ಮೋಟಾರ್ ಹಾಕಿದರೆ ಎಲ್ಲ ಸಮಸ್ಯೆ ಮುಗಿಯಿತು ಅನ್ನುತ್ತಾನೆ ಗೆಳೆಯ. ಕೊನೆಗೆ ಇನ್ನೊಂದು: ತಂದೆಯ ಹಳೆ ಕಾರಿಗೆ ಸಣ್ಣದಾಗಿ ಏನಾದರೂ ಹಾಕಿ ನೋಡಬಹುದಾ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ತಂದೆಯ ಕಾರನ್ನು ಮುಟ್ಟಬೇಡಿ. ನೋಂದಣಿಯಾದ ವಾಹನವನ್ನು ಮನಬಂದಂತೆ ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಹೈಬ್ರಿಡ್ ಕಿಟ್ ಹಾಕಬೇಕೆಂದರೆ ಆ ಕಿಟ್‌ಗೆ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಸಿಕ್ಕಿರಬೇಕು. ಕಾನೂನಿಗಿಂತ ದೊಡ್ಡ ಮಾತು ಇಂಥ ಹೈಬ್ರಿಡ್‌ನ 400 ವೋಲ್ಟ್ ಡಿಸಿಯದು. ಅದು ಮೈಗೆ ತಗುಲಿದರೆ ಎರಡನೇ ಅವಕಾಶ ಕೊಡುವುದಿಲ್ಲ. ಆ ವಿದ್ಯುತ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ, ತರಬೇತಿ ಇಲ್ಲದವರು ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದೇ ಒಳ್ಳೆಯದು.

ಈಗ ಕಾಗದದ ಮೇಲಿನ ಕಾರಿಗೆ ಬರೋಣ. ನೀವು ಶುರು ಮಾಡಿರುವುದು ಪಿಎಸ್‌ನಿಂದ. ಹೆಚ್ಚು ಕಡಿಮೆ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಹಿಂದಿನ ಚಕ್ರ ಮಾತ್ರ ಎಳೆಯುವ ಕಾರಿನಲ್ಲಿ ಶುರು ಮಾಡಬೇಕಾದ್ದು ಹಿಂದಿನ ಎರಡು ಟೈರ್‌ಗಳಿಂದ. ಇಂಜಿನ್ ಎಷ್ಟು ಕೊಟ್ಟರೂ, ಮೋಟಾರ್ ಎಷ್ಟು ಕೊಟ್ಟರೂ ರಸ್ತೆಗೆ ಇಳಿಯುವುದು ಅವು ಹಿಡಿದಷ್ಟೇ. ಬ್ರೇಕಿನಿಂದ ವಾಪಸ್ ಬರುವ ವಿದ್ಯುತ್ತೂ ಅವೇ ಎರಡು ಟೈರ್ ದಾಟಿ ಬರಬೇಕು.

ಒಂದು ಲೆಕ್ಕ ಮಾಡೋಣ. ನಿಮ್ಮ ಅಂಕಿಗಳ ಜೊತೆ ಕೆಲವನ್ನು ನಾನು ಸೇರಿಸುತ್ತೇನೆ. ಇಂಜಿನ್ ಸೀಟಿನ ಹಿಂದೆ ಇರುವ ಕಾರು, ನಿಂತಾಗ ತೂಕದ 58 ಪರ್ಸೆಂಟ್ ಹಿಂದಿನ ಆಕ್ಸಲ್ ಮೇಲೆ. ವ್ಹೀಲ್‌ಬೇಸ್ 2.6 ಮೀಟರ್. ಗುರುತ್ವ ಕೇಂದ್ರ ನೆಲದಿಂದ 45 ಸೆಂಟಿಮೀಟರ್ ಎತ್ತರ. ಒಣ ಡಾಂಬರು, ಒಳ್ಳೆ ಟೈರ್, ಘರ್ಷಣೆ ಗುಣಾಂಕ 1.1. ಕಾರು ಮುನ್ನುಗ್ಗಿದಾಗ ತೂಕ ಹಿಂದಕ್ಕೆ ವಾಲಿ ಹಿಡಿತ ಹೆಚ್ಚಾಗುತ್ತದೆ, ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ. ಕಾರಿನ ವೇಗೋತ್ಕರ್ಷ 0.79 ಜಿ (ಗುರುತ್ವದ 0.79 ಪಟ್ಟು) ಹತ್ತಿರ ಬಂದು ನಿಲ್ಲುತ್ತದೆ. ಬಲದಲ್ಲಿ ಹೇಳುವುದಾದರೆ ಸುಮಾರು 11,600 ನ್ಯೂಟನ್. ಇದಕ್ಕಿಂತ ಜಾಸ್ತಿ ಕೊಟ್ಟರೆ ಚಕ್ರ ಸುಮ್ನೆ ತಿರುಗುತ್ತದೆ, ಹೊಗೆ ಬರುತ್ತದೆ, ಕಾರು ಅದಕ್ಕಿಂತ ಜೋರಾಗಿ ಮುನ್ನುಗ್ಗುವುದಿಲ್ಲ.

ಈಗ ನಿಮ್ಮ 450 ಪಿಎಸ್ ನೋಡಿ. ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗಳಲ್ಲಿ ಕಳೆದು ಚಕ್ರಕ್ಕೆ 395 ಪಿಎಸ್ ತಲುಪಿತು ಅನ್ನೋಣ, ಅಂದರೆ 290 ಕಿಲೋವ್ಯಾಟ್. 11,600 ನ್ಯೂಟನ್ ಬಲವನ್ನು ಅಷ್ಟು ಶಕ್ತಿ ಗಂಟೆಗೆ 90 ಕಿಮೀ ವೇಗದವರೆಗೆ ಕೊಡಬಲ್ಲದು. ಅರ್ಥ ಏನು? ಇಂಜಿನ್ ಪೂರ್ತಿ ಶಕ್ತಿಯಲ್ಲಿದ್ದರೆ, 90 ದಾಟುವವರೆಗೆ ನಿಮ್ಮ 200 ಪಿಎಸ್ ಮೋಟಾರಿಗೆ ನೇರ ರಸ್ತೆಯಲ್ಲಿ ಕೆಲಸವೇ ಇಲ್ಲ. ಟೈರ್ ಆಗಲೇ ಸಾಕು ಅಂದಿರುತ್ತದೆ.

ಹಾಗಾದರೆ ಮೋಟಾರ್ ಯಾಕೆ ಬೇಕು? ಆ ‘ಪೂರ್ತಿ ಶಕ್ತಿಯಲ್ಲಿದ್ದರೆ’ ಅನ್ನುವ ಮಾತಿನಲ್ಲೇ ಉತ್ತರ ಇದೆ. ಟರ್ಬೊ ಇಂಜಿನ್ ತಿರುವಿನಿಂದ ಹೊರಬರುವಾಗ ಕಡಿಮೆ ಆರ್‌ಪಿಎಂನಲ್ಲಿ ಇರುತ್ತದೆ. ಆಕ್ಸಲರೇಟರ್ ತುಳಿದ ಮೇಲೆ ಟರ್ಬೊ ವೇಗ ಹಿಡಿದು ಗಾಳಿ ತುಂಬುವವರೆಗೆ ಕಾಯಬೇಕು. ಕೆಲವು ಸಲ ಒಂದು ಸೆಕೆಂಡ್ ಹೋಗಿಬಿಡುತ್ತದೆ. ಮೋಟಾರ್ ಆ ಟಾರ್ಕ್ ಅನ್ನು, ಅಂದರೆ ತಿರುಗಿಸುವ ಬಲವನ್ನು, ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಕೊಡುತ್ತದೆ. ಗೇರ್ ಬದಲಾಗುವಾಗಿನ ತಗ್ಗನ್ನೂ ತುಂಬುತ್ತದೆ. ಟೈರ್ ಜಾರಲು ಶುರುವಾದರೆ ಇಂಜಿನ್‌ಗಿಂತ ಎಷ್ಟೋ ಬೇಗ ಟಾರ್ಕ್ ಕಡಿಮೆ ಮಾಡುತ್ತದೆ. ಚಾಲಕನಿಗೆ ಕಾಣುವ ವ್ಯತ್ಯಾಸ ಇದೇ. ಕ್ಯಾಟಲಾಗ್‌ನ ಒಟ್ಟು ಪಿಎಸ್ ಅಂಕಿ ಫೋಟೋದ ಕೆಳಗೆ ಹಾಕಲು ಚೆನ್ನಾಗಿರುತ್ತದೆ, ಅಷ್ಟೇ.

2024ರಲ್ಲಿ ಬಂದ ಪೋರ್ಷೆ 911 ಜಿಟಿಎಸ್ ಅನ್ನು ಇದೇ ಕಾರಣಕ್ಕೆ ಗಮನವಿಟ್ಟು ನೋಡಿ ಅನ್ನುತ್ತೇನೆ. ಅದರ ಬ್ಯಾಟರಿ ಬರೀ 1.9 ಕಿಲೋವ್ಯಾಟ್ ಅವರ್, ತೂಕ 27 ಕೆಜಿ. ಗೇರ್‌ಬಾಕ್ಸ್ ಒಳಗಿನ ಮೋಟಾರ್ 40 ಕಿಲೋವ್ಯಾಟ್, 150 ನ್ಯೂಟನ್ ಮೀಟರ್. ಟರ್ಬೊದ ಶಾಫ್ಟ್ ಮೇಲೇ ಇನ್ನೊಂದು ಪುಟ್ಟ ಮೋಟಾರ್ ಕೂರಿಸಿದ್ದಾರೆ. ಎಕ್ಸಾಸ್ಟ್ ಬರುವ ಮೊದಲೇ ಅದು ಟರ್ಬೊವನ್ನು ತಿರುಗಿಸುತ್ತದೆ. ಎಕ್ಸಾಸ್ಟ್ ಜಾಸ್ತಿ ಆದಾಗ ಅದೇ ಜನರೇಟರ್ ಆಗಿ 11 ಕಿಲೋವ್ಯಾಟ್‌ವರೆಗೆ ವಾಪಸ್ ಕೊಡುತ್ತದೆ, ಹೆಚ್ಚಾದ ಎಕ್ಸಾಸ್ಟನ್ನು ಹೊರಬಿಡುವ ವೇಸ್ಟ್‌ಗೇಟ್ ಬೇಕಾಗಿಲ್ಲ. ಎಸಿ ಕಂಪ್ರೆಸರ್ ಕೂಡ ವಿದ್ಯುತ್ತಿನಿಂದ ಓಡುವುದರಿಂದ ಇಂಜಿನ್‌ಗೆ ಬೆಲ್ಟ್ ಇಲ್ಲ. ಇಂಜಿನ್ ಎತ್ತರ 110 ಮಿಲಿಮೀಟರ್ ಕಡಿಮೆಯಾಗಿ, ಮೇಲೆ ಉಳಿದ ಜಾಗದಲ್ಲಿ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸುವ ಇನ್ವರ್ಟರ್ ಕೂತಿದೆ. ಇಷ್ಟೆಲ್ಲ ಆಗಿ ಹಳೆಯ ಮಾದರಿಗಿಂತ ಹೆಚ್ಚಾದ ತೂಕ 50 ಕೆಜಿ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನ ಸುತ್ತು 8.7 ಸೆಕೆಂಡ್ ಬೇಗ ಮುಗಿಯಿತು. ಎಲೆಕ್ಟ್ರಿಕ್‌ನಲ್ಲೇ ಆಫೀಸಿಗೆ ಹೋಗಿಬರುವ ಸೌಕರ್ಯ ಇದರಲ್ಲಿ ಇಲ್ಲ. ಬೇಕು ಅಂತ ಅವರೂ ಅಂದುಕೊಂಡಿಲ್ಲ.

ಬ್ರೇಕಿನ ಪ್ರಶ್ನೆಯಲ್ಲಿ ನಿಮ್ಮ ನಂಬಿಕೆ ಜಾಸ್ತಿ ಪೆಟ್ಟು ತಿನ್ನುತ್ತದೆ. 200 ಕಿಮೀ ವೇಗದಿಂದ 80ಕ್ಕೆ ಇಳಿಯಿರಿ. ಗಾಳಿಯ ತಡೆ ಬಿಟ್ಟರೆ, ಕಾರಿನ ಚಲನಶಕ್ತಿಯಲ್ಲಿ ಕಳೆದದ್ದು 1.94 ಮೆಗಾಜೌಲ್, ಅಂದರೆ 0.54 ಕಿಲೋವ್ಯಾಟ್ ಅವರ್. 1 ಜಿ ಬ್ರೇಕಿನಲ್ಲಿ ಇದು ಮುಗಿಯುವುದು 3.4 ಸೆಕೆಂಡಿನಲ್ಲಿ. ಸರಾಸರಿ 570 ಕಿಲೋವ್ಯಾಟ್! ಅಷ್ಟನ್ನೂ ಹಿಡಿಯುವ ಮೋಟಾರ್ ನಿಮ್ಮ ಕಾರಿನಲ್ಲಿ ಇಲ್ಲ. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ಸುಮಾರು 260 ಕೆಜಿ. ಹಿಂದೆ 870 ಇದ್ದದ್ದು 610 ಆಗುತ್ತದೆ. ಹಿಂದಿನ ಟೈರ್ ಹೊರಬಹುದಾದದ್ದು ಒಟ್ಟು ಬ್ರೇಕಿನ 41 ಪರ್ಸೆಂಟ್. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗಬಾರದು ಅಲ್ವಾ, ಹಾಗಾಗಿ 30 ಪರ್ಸೆಂಟ್ ಹತ್ತಿರ ನಿಲ್ಲಿಸುತ್ತೇವೆ. 570ರಲ್ಲಿ 30 ಪರ್ಸೆಂಟ್ ಅಂದರೆ 170 ಕಿಲೋವ್ಯಾಟ್. ಇದು ಒಣ ರಸ್ತೆ, ನೇರ ಸ್ಟೀರಿಂಗ್ ಇದ್ದಾಗಿನ ಮಾತು.

ನಿಮ್ಮ 200 ಪಿಎಸ್ ಮೋಟಾರ್ ಅಂದರೆ 147 ಕಿಲೋವ್ಯಾಟ್. 3.4 ಸೆಕೆಂಡಿನಲ್ಲಿ ಅದು ಹಿಡಿಯುವುದು 0.5 ಮೆಗಾಜೌಲ್. ದಾರಿಯಲ್ಲಿ 15 ಪರ್ಸೆಂಟ್ ಕಳೆದರೆ ಬ್ಯಾಟರಿಗೆ ಬರುವುದು 0.12 ಕಿಲೋವ್ಯಾಟ್ ಅವರ್. ಅದೇ ಮೋಟಾರನ್ನು ಮುಂದಿನ ನೇರ ರಸ್ತೆಯಲ್ಲಿ 10 ಸೆಕೆಂಡ್ ಪೂರ್ತಿ ಬಳಸಿದರೆ ಖರ್ಚು 0.41. ಒಂದು ತಿರುವಿಗೆ 0.12 ಜಮೆ, 0.41 ಖರ್ಚು. ಬ್ಯಾಟರಿ ಎಷ್ಟೇ ದೊಡ್ಡದಿರಲಿ, ಬರಿದಾಗುವ ಗಳಿಗೆಯನ್ನು ಮುಂದೂಡುತ್ತದೆ ಅಷ್ಟೇ. ಉಳಿದದ್ದನ್ನು ಇಂಜಿನ್ನೇ ತುಂಬಬೇಕು. ಆಕ್ಸಲರೇಟರ್ ಅರ್ಧ ಒತ್ತಿದಾಗ ಇಂಜಿನ್ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ದುಡಿಯುವಂತೆ ಮಾಡಿ, ಆ ಹೆಚ್ಚುವರಿಯನ್ನು ಮೋಟಾರ್ ಮೂಲಕ ಬ್ಯಾಟರಿಗೆ ಕಳಿಸುವುದು. ಪೆಟ್ರೋಲ್ ಸುಟ್ಟು ಬ್ಯಾಟರಿ ತುಂಬುವುದೇ ಎಂದು ಹುಬ್ಬೇರಿಸಬೇಡಿ. ಟ್ರ್ಯಾಕ್ ಮೇಲೆ ಎಲ್ಲರೂ ಮಾಡುವುದು ಇದನ್ನೇ.

ಇನ್ನು 10 ಕಿಲೋವ್ಯಾಟ್ ಅವರ್‌ನ ತೂಕ ಎಷ್ಟು? ಮೆಕ್ಲಾರೆನ್ ಆರ್ಟುರಾದ 7.4 ಕಿಲೋವ್ಯಾಟ್ ಅವರ್ ಬ್ಯಾಟರಿ 88 ಕೆಜಿ. ಮರ್ಸಿಡಿಸ್-ಎಎಂಜಿ ಸಿ63 ಹೈಬ್ರಿಡ್‌ನ 6.1 ಕಿಲೋವ್ಯಾಟ್ ಅವರ್‌ದು 89 ಕೆಜಿ. ಈ ಲೆಕ್ಕದಲ್ಲಿ ನಿಮ್ಮದು 120ರಿಂದ 145 ಕೆಜಿ. ಮೋಟಾರ್, ಇನ್ವರ್ಟರ್, ಕೇಬಲ್, ಕೂಲಿಂಗ್ ಬೇರೆ. ನಿಮ್ಮ 1500 ಕೆಜಿ ಇದನ್ನೆಲ್ಲ ಸೇರಿಸಿಯೇ ಇದ್ದರೆ ಉಳಿದ ಕಾರನ್ನು ಭಾಳ ಹಗುರ ಮಾಡಬೇಕಾಗುತ್ತದೆ. ಸೇರಿಸದಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಮತ್ತೆ ಮಾಡಿ.

ಮೋಟಾರ್ ಜಾಗದ ವಿಷಯ. ಈ ಕ್ಷೇತ್ರದಲ್ಲಿ ಪಿ0ಯಿಂದ ಪಿ4ವರೆಗೆ ಹೆಸರಿಟ್ಟಿದ್ದಾರೆ. ಬೆಲ್ಟ್ ಮೇಲೆ ಇದ್ದರೆ ಪಿ0, ಕ್ರ್ಯಾಂಕ್‌ಗೆ ನೇರ ಜೋಡಿಸಿದರೆ ಪಿ1. ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕ್ಲಚ್ ಹಾಕಿ ಕೂರಿಸಿದರೆ ಪಿ2. ಗೇರ್‌ಬಾಕ್ಸ್ ಆದ ಮೇಲೆ ಪಿ3. ಇಂಜಿನ್‌ಗೆ ಸಂಬಂಧವಿಲ್ಲದ ಆಕ್ಸಲ್ ಮೇಲೆ ಪಿ4. ಮೊದಲ ಎರಡು ನಿಮಗೆ ಬೇಡ. ಇಂಜಿನ್‌ನಿಂದ ಬಿಡಿಸಿಕೊಳ್ಳಲು ಆಗದ ಮೋಟಾರ್ ಬ್ರೇಕಿನ ಶಕ್ತಿ ಹಿಡಿಯುವಾಗ ಇಂಜಿನ್‌ನ ತಿಕ್ಕಾಟವನ್ನೂ ಎಳೆಯಬೇಕಾಗುತ್ತದೆ.

ಗೆಳೆಯ ಹೇಳಿದ್ದು ಪಿ4. ತಲೆ ಇಲ್ಲದ ಮಾತೇನಲ್ಲ. ಬ್ರೇಕಿನ ದೊಡ್ಡ ಪಾಲು ಮುಂದೆಯೇ ಇರುವುದರಿಂದ ವಾಪಸ್ ಸಿಗುವ ವಿದ್ಯುತ್ ಅಲ್ಲೇ ಜಾಸ್ತಿ. ಪೋರ್ಷೆ 918 ಮುಂದಿನ ಆಕ್ಸಲ್‌ಗೂ ಮೋಟಾರ್ ಇಟ್ಟದ್ದು ಸುಮ್ನೆ ಅಲ್ಲ. ಆದರೆ ಹಾಗೆ ಮಾಡಿದ ಕ್ಷಣ ಅದು ಆಲ್ ವ್ಹೀಲ್ ಡ್ರೈವ್ ಕಾರು. ಸ್ಟೀರಿಂಗ್ ತಿರುಗುವ ಚಕ್ರಕ್ಕೆ ಶಾಫ್ಟ್, ಮೂತಿಯಲ್ಲಿ ಮೋಟಾರಿನ ತೂಕ, ಕೈಗೆ ಬರುವ ಎಳೆತ, ಎಲ್ಲ ಜೊತೆಗೆ ಬರುತ್ತವೆ. ನಿಮ್ಮ ಪ್ರಾಜೆಕ್ಟಿನ ಹೆಸರೇ ಬದಲಾಗುತ್ತದೆ.

ಉಳಿದದ್ದು ಪಿ2 ಮತ್ತು ಪಿ3. ಪಿ2ನಲ್ಲಿ ಮೋಟಾರಿನ ಟಾರ್ಕ್ ಗೇರ್‌ಬಾಕ್ಸ್ ಮೂಲಕ ಹೋಗುತ್ತದೆ. ಮೊದಲ ಗೇರಿನಲ್ಲಿ ಒಟ್ಟು ಅನುಪಾತ 13 ಇದ್ದರೆ ಮೋಟಾರಿನ 225 ನ್ಯೂಟನ್ ಮೀಟರ್ ಚಕ್ರದಲ್ಲಿ 2900 ದಾಟುತ್ತದೆ. ಪಿ3ರಲ್ಲಿ ಬರೀ 3.7ರ ಫೈನಲ್ ಡ್ರೈವ್ ಇದ್ದರೆ 830 ಮಾತ್ರ. ಪಿ3ಗೆ ಬೇರೆ ಗುಣ ಇದೆ: ಗೇರ್ ಬದಲಾಗುವಾಗಲೂ ಅದರ ಎಳೆತ ನಿಲ್ಲುವುದಿಲ್ಲ. ಆದರೆ ನಿಧಾನದಲ್ಲೂ ಬಲ ಬೇಕು, 250 ಕಿಮೀ ವೇಗ ದಾಟಿದ ಮೇಲೂ ಮೋಟಾರ್ ಸುಡಬಾರದು ಅಂದರೆ ಒಂದೇ ಅನುಪಾತ ಸಾಲುವುದಿಲ್ಲ. ಸಿ63ರಲ್ಲಿ ಹಿಂದಿನ ಮೋಟಾರಿಗೆ ಎರಡು ಗೇರ್ ಕೊಟ್ಟದ್ದು ಇದಕ್ಕೇ. 140 ಕಿಮೀ ಹತ್ತಿರ, ಮೋಟಾರ್ 13,500 ಆರ್‌ಪಿಎಂ ಮುಟ್ಟುವ ಹೊತ್ತಿಗೆ, ಎರಡನೇ ಗೇರಿಗೆ ಹೋಗುತ್ತದೆ. ಆ ಕಾರಿನ ತೂಕ 2100 ಕೆಜಿ ದಾಟಿದೆ. ಸ್ಪೋರ್ಟ್ಸ್ ಕಾರ್ ಅಂತ ಕರೆಯಲು ನನಗಂತೂ ನಾಲಿಗೆ ತಡವರಿಸುತ್ತದೆ.

ನನ್ನ ಆಯ್ಕೆ ಪಿ2. ಹಿಂದಿನ ಚಕ್ರ ಮಾತ್ರ ಎಳೆಯುವ ಫೆರಾರಿ 296 ಜಿಟಿಬಿ ಮತ್ತು ಆರ್ಟುರಾ, ಎರಡೂ 120 ಡಿಗ್ರಿ ವಿ6 ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಮೋಟಾರ್ ಇಟ್ಟಿವೆ. ಆರ್ಟುರಾದ್ದು 95 ಪಿಎಸ್‌ನ ಆಕ್ಸಿಯಲ್ ಫ್ಲಕ್ಸ್ ಮೋಟಾರ್. ತಟ್ಟೆಯಂತೆ ಚಪ್ಪಟೆ, ತೂಕ 15.4 ಕೆಜಿ. ಅದರ ಗೇರ್‌ಬಾಕ್ಸ್‌ನಲ್ಲಿ ರಿವರ್ಸ್ ಗೇರೇ ಇಲ್ಲ. ಹಿಂದಕ್ಕೆ ಹೋಗಬೇಕಾದರೆ ಮೋಟಾರನ್ನು ಉಲ್ಟಾ ತಿರುಗಿಸುತ್ತಾರೆ. ಒಂದು ಗೇರ್ ಕಡಿಮೆ, ಅಷ್ಟು ಉದ್ದ ಕಡಿಮೆ. ನಿಮ್ಮ ಕಾರಿಗೆ 70–80 ಕಿಲೋವ್ಯಾಟ್ ಮೋಟಾರ್, 3 ಕಿಲೋವ್ಯಾಟ್ ಅವರ್ ಒಳಗಿನ ಬ್ಯಾಟರಿ ಸಾಕು ಅನ್ನುವುದು ನನ್ನ ಅಂದಾಜು. ಊರೊಳಗೆ ಇಂಜಿನ್ ಇಲ್ಲದೆ 25–30 ಕಿಮೀ ಓಡಬೇಕು ಅನ್ನುವ ಆಸೆ ಇದ್ದರೆ ಮಾತ್ರ 7ಕ್ಕೆ ಹೋಗಿ.

ಸಣ್ಣ ಬ್ಯಾಟರಿಗೆ ಅದರದೇ ತೊಂದರೆ ಇದೆ, ಅದು ಬಿಸಿ. 3 ಕಿಲೋವ್ಯಾಟ್ ಅವರ್‌ನಿಂದ 75 ಕಿಲೋವ್ಯಾಟ್ ಎಳೆದರೆ ಅದು 25 ಸಿ. ಒಂದು ಗಂಟೆಯಲ್ಲಿ ಖಾಲಿ ಮಾಡುವ ವೇಗದ 25 ಪಟ್ಟು. ದೂರ ಓಡಲೆಂದು ಮಾಡಿದ ಸೆಲ್ ಇದಕ್ಕೆ ನಡೆಯುವುದಿಲ್ಲ, ಶಕ್ತಿಯನ್ನು ಬೇಗ ಕೊಡುವ ಪವರ್ ಸೆಲ್ ಬೇಕು. 5 ಪರ್ಸೆಂಟ್ ಬಿಸಿಯಾಗಿ ಹೋಯಿತು ಅಂದರೂ ಸುಮಾರು 4 ಕಿಲೋವ್ಯಾಟ್. ಎರಡು ಗೀಸರ್‌ನಷ್ಟು! ಇಂಜಿನ್ ನೀರು 90–100 ಡಿಗ್ರಿಯಲ್ಲಿ ಆರಾಮವಾಗಿರುತ್ತದೆ. ಇನ್ವರ್ಟರ್ ಮತ್ತು ಮೋಟಾರಿಗೆ 60–70 ಸರಿ. ಬ್ಯಾಟರಿಗೆ 40ರ ಕೆಳಗೆ ಇದ್ದರೇ ಹಿತ. ಮೂರಕ್ಕೂ ಬೇರೆ ಬೇರೆ ಸರ್ಕ್ಯೂಟ್ ಬೇಕು. ಬೇಸಿಗೆಯಲ್ಲಿ ವಿಜಯಪುರದ ರಸ್ತೆಯಲ್ಲಿ ಗಾಳಿಯೇ 42 ಡಿಗ್ರಿ ಇರುವಾಗ ರೇಡಿಯೇಟರ್ ನೀರನ್ನು 35ಕ್ಕೆ ಇಳಿಸಲು ಸಾಧ್ಯವೇ ಇಲ್ಲ. ಎಸಿಯ ಗ್ಯಾಸ್‌ನಿಂದಲೇ ತಣ್ಣಗೆ ಮಾಡಬೇಕು. ಆಗ ಅದೇ ಕಂಪ್ರೆಸರ್ ಒಳಗೆ ಕೂತವರಿಗೂ ಬೇಕು, ಬ್ಯಾಟರಿಗೂ ಬೇಕು. ಯಾರಿಗೆ ಮೊದಲು ಅಂತ ಬರೆದಿಡುವುದೂ ಡಿಸೈನ್ ಕೆಲಸವೇ. ಎಎಂಜಿಯವರು ಸಿ63ರಲ್ಲಿ 560 ಸೆಲ್‌ಗಳ ಸುತ್ತ ವಿದ್ಯುತ್ ಹರಿಯದ 14 ಲೀಟರ್ ದ್ರವವನ್ನು ನೇರ ಓಡಿಸುತ್ತಾರೆ. ಅಷ್ಟು ದೂರ ಹೋಗಿದ್ದಾರೆ ಅಂದರೆ ಬಿಸಿ ಎಷ್ಟು ಕಾಡಿರಬೇಕು ಊಹಿಸಿ.

ಇಷ್ಟು ಗಟ್ಟಿ ಭಾಗಗಳ ಮಾತಾಯಿತು. ಇಂಥ ಕಾರು ಮಾಡುವಾಗ ಸಮಯ ತಿನ್ನುವುದು ಸಾಫ್ಟ್‌ವೇರ್ ಮತ್ತು ಕ್ಯಾಲಿಬ್ರೇಶನ್. ಎರಡು ಜಾಗ ತೋರಿಸುತ್ತೇನೆ.

ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುತ್ತಿದ್ದೀರಿ ಅನ್ನಿ. 1500 ಕೆಜಿ ಕಾರು 600 ಮೀಟರ್ ಕೆಳಗೆ ಇಳಿದರೆ ಬಿಡುಗಡೆಯಾಗುವುದು 2.45 ಕಿಲೋವ್ಯಾಟ್ ಅವರ್. ಟೈರ್, ಗಾಳಿ, ಮೋಟಾರಿನ ನಷ್ಟ ಕಳೆದು ಅದರ ಅರ್ಧದಷ್ಟು ಬ್ಯಾಟರಿಗೆ ಬಂದರೂ, ಮುಕ್ಕಾಲು ತುಂಬಿದ್ದ ಸಣ್ಣ ಬ್ಯಾಟರಿ ಘಾಟ್ ಮುಗಿಯುವ ಮೊದಲೇ ತುಂಬಿಬಿಡುತ್ತದೆ. ತುಂಬಿದ ಗಳಿಗೆಯಲ್ಲಿ ಮೋಟಾರ್ ಬ್ರೇಕ್ ಹಿಡಿಯುವುದನ್ನು ಬಿಡಬೇಕು. ಆ ಪಾಲನ್ನು ಅದೇ ಕ್ಷಣ ಡಿಸ್ಕ್ ಬ್ರೇಕ್ ಹೊರಬೇಕು. ಪೆಡಲ್ ಮೇಲಿನ ನಿಮ್ಮ ಕಾಲಿಗೆ ಏನೂ ಗೊತ್ತಾಗಬಾರದು. ಹಾಗಾಗಿ ಪೆಡಲ್ ಮತ್ತು ಹಿಂದಿನ ಬ್ರೇಕ್ ನಡುವೆ ನೇರ ಸಂಬಂಧ ಕಡಿದು ಕಂಪ್ಯೂಟರ್ ಕೂರಿಸುತ್ತಾರೆ. ಫಾರ್ಮುಲಾ ಒನ್‌ನಲ್ಲೂ 2014ರಲ್ಲಿ ಹಿಂದಿನ ಮೋಟಾರಿನ ಶಕ್ತಿ 60ರಿಂದ 120 ಕಿಲೋವ್ಯಾಟ್‌ಗೆ ಏರಿದಾಗ ಹಿಂದಿನ ಬ್ರೇಕಿಗೆ ಈ ಬ್ರೇಕ್ ಬೈ ವೈರ್ ಒಪ್ಪಿಕೊಳ್ಳಬೇಕಾಯಿತು. 2026ರ ನಿಯಮದಲ್ಲಿ ಅದು 350 ಕಿಲೋವ್ಯಾಟ್.

ತಿರುವಿನ ಒಳಗೆ ಇದು ಇನ್ನೂ ಸೂಕ್ಷ್ಮ. ಟೈರ್ ಬದಿಗೆ ಹಿಡಿದುಕೊಂಡಿರುವಾಗ ಉದ್ದಕ್ಕೆ ಹಿಡಿಯಲು ಉಳಿಯುವುದು ಕಡಿಮೆ. ಆಗ ಮೋಟಾರ್ ಜೋರಾಗಿ ಬ್ರೇಕ್ ಹಿಡಿದರೆ ತಿರುವಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದ ಹಾಗೆ, ಹಿಂಭಾಗ ಹೊರಗೆ ಬರುತ್ತದೆ. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಟೈರ್ ಹೊಲದಿಂದ ರಸ್ತೆಗೆ ತಂದು ಹಾಕಿದ ಹಸಿ ಮಣ್ಣು ಬಿದ್ದಿದ್ದರೆ ಹೇಳುವುದೇ ಬೇಡ. ಆದ್ದರಿಂದ ಸ್ಟೀರಿಂಗ್ ಕೋನ, ಬದಿಯ ಜಿ, ಚಕ್ರಗಳ ವೇಗ ನೋಡಿ ಮೋಟಾರಿನ ಬ್ರೇಕನ್ನು ಮೊದಲೇ ಇಳಿಸಬೇಕು. ಜಾರಿದ ಮೇಲೆ ಇಳಿಸುವುದು ತಡವಾಯಿತು.

ಎರಡನೆಯದು ಬ್ಯಾಕ್‌ಲ್ಯಾಶ್. ಹಳೆಯ ಜೀಪ್ ಓಡಿಸಿದವರಿಗೆಲ್ಲ ಗೊತ್ತು. ಆಕ್ಸಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹಿಂದಿನಿಂದ ಸದ್ದು. ‘ಸಾಹೇಬ್ರ, ಹಿಂದ ಟಕ್ ಅಂತೈತ್ರಿ’ ಅಂತ ಮೆಕ್ಯಾನಿಕ್ ಕ್ರಾಸ್ ಬೇರಿಂಗ್ ಅಲುಗಾಡಿಸಿ ತೋರಿಸುತ್ತಾನೆ. ಕ್ರೌನ್-ಪಿನಿಯನ್ ಹಲ್ಲುಗಳ ನಡುವೆ, ಸ್ಪ್ಲೈನ್‌ಗಳಲ್ಲಿ, ಜಾಯಿಂಟ್‌ಗಳಲ್ಲಿ ಇರುವ ಸಂದು ಅದು. ಹೊಸ ಕಾರಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರ್ ಬ್ರೇಕಿನಿಂದ ಎಳೆತಕ್ಕೆ ತಿರುಗುವುದು ಮೇಲಿಂದ ಮೇಲೆ, ಅದೂ ಮಿಲಿಸೆಕೆಂಡ್‌ಗಳಲ್ಲಿ. ತಡೆಯದೆ ಬಿಟ್ಟರೆ ಹಲ್ಲು ಹಲ್ಲಿಗೆ ಬಡಿಯುತ್ತದೆ, ಡ್ರೈವ್ ಶಾಫ್ಟ್ ತಿರುಚಿ ಬಿಟ್ಟು ಕಾರು ತೂಗಾಡುತ್ತದೆ. ಪರಿಹಾರ ಇದು: ಟಾರ್ಕ್ ಸೊನ್ನೆಯ ಹತ್ತಿರ ಬಂದಾಗ ಅದು ಬದಲಾಗುವ ವೇಗ ತಗ್ಗಿಸಿ, ಸಂದನ್ನು ಮೆಲ್ಲಗೆ ದಾಟಿಸಿ, ಹಲ್ಲು ಕೂತ ಮೇಲೆ ಮತ್ತೆ ಜೋರು ಮಾಡುವುದು. ಜಾಸ್ತಿ ಮೆಲ್ಲಗಾದರೆ ಮೋಟಾರ್ ಹಾಕಿದ್ದರ ಲಾಭವೇ ಹೋಯಿತು. ಈ ಸಣ್ಣ ಇಳಿಜಾರಿನ ಆಕಾರ ಸರಿ ಮಾಡಲು ಇಂಜಿನಿಯರುಗಳು ವಾರಗಟ್ಟಲೆ ಟ್ರ್ಯಾಕ್ ಮೇಲೆ ಕಳೆಯುತ್ತಾರೆ.

ಇಂಜಿನ್ ಮತ್ತೆ ಶುರುವಾಗುವ ಗಳಿಗೆಯನ್ನೂ ಮರೆಯಬೇಡಿ. ಊರೊಳಗೆ ಎಲೆಕ್ಟ್ರಿಕ್‌ನಲ್ಲಿ ಬಂದು ಹೈವೇ ಸಿಕ್ಕಿದ ಕೂಡಲೇ ಚಾಲಕ ಪೂರ್ತಿ ತುಳಿಯುತ್ತಾನೆ. ಇಂಜಿನ್ ಆಯಿಲ್ ಇನ್ನೂ ತಣ್ಣಗಿರುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಕೂಡ. ಆಗ ಇಂಜಿನ್‌ಗೆ ಎಷ್ಟು ಬಿಡಬೇಕು ಅನ್ನುವ ಮಿತಿ ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ ಒಂದು ಪುಟವಾದರೂ ಇರಲಿ.

ತಂದೆಯ ಮಷಿನ್ ಶಾಪ್ ಇದೆ ಅಂದಿರಿ. ಅದು ದೊಡ್ಡ ಅನುಕೂಲ. ಪಿ2 ಮೋಟಾರಿನ ರೋಟರ್ (ತಿರುಗುವ ಭಾಗ) ಮತ್ತು ಸ್ಟೇಟರ್ (ನಿಂತ ಭಾಗ) ನಡುವಿನ ಗಾಳಿಯ ಸಂದು ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು. ಇಂಜಿನ್ ಬ್ಲಾಕ್, ಬೆಲ್ ಹೌಸಿಂಗ್, ಗೇರ್‌ಬಾಕ್ಸ್ ಮೂರರ ಸೆಂಟರ್ ಒಂದೇ ಗೆರೆಯಲ್ಲಿ ಬರಬೇಕು. ಜೋಡಣೆಯ ಒಂದೊಂದು ಡೋವೆಲ್ ಪಿನ್ ತೂತಿನಲ್ಲಿ ಸ್ವಲ್ಪ ಸ್ವಲ್ಪ ತಪ್ಪಿದರೂ ಕೂಡಿ ಕೂಡಿ ರೋಟರ್ ಒಂದು ಬದಿಗೆ ಎಳೆಯುತ್ತದೆ. ಬೇರಿಂಗ್ ಬಿಸಿಯಾಗುತ್ತದೆ, ಸದ್ದು ಬರುತ್ತದೆ. ಈ ಟಾಲರೆನ್ಸ್ ಸರಪಳಿಯನ್ನು ತಂದೆಯವರ ಜೊತೆ ಕೂತು ಬರೆಯಿರಿ. ಯಾವ ಮುಖವನ್ನು ಆಧಾರ ಇಟ್ಟು ಯಾವ ತೂತು ಬೋರ್ ಮಾಡಬೇಕು ಅನ್ನುವುದು ಅವರಿಗೆ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ಸುತ್ತಲೂ ನೀರು ಹರಿಯುವ ಅಲ್ಯೂಮಿನಿಯಂ ಹೌಸಿಂಗ್‌ನ ಎರಕ ಹೇಗೆ ಬರುತ್ತದೆ, ಎಲ್ಲಿ ಸೋರುತ್ತದೆ ಅನ್ನುವುದನ್ನು ಉದ್ಯಮಬಾಗ್‌ನ ಯಾವುದಾದರೂ ಫೌಂಡ್ರಿಯಲ್ಲಿ ಕೇಳಿ ತಿಳಿಯಬಹುದು.

ಮುಂದಿನ ಕೆಲಸ ಹೀಗೆ ಮಾಡಿ. ಫೋನಿನ ಜಿಪಿಎಸ್ ಹಾಕಿಕೊಂಡು, ಬೇರೆ ಯಾರಾದರೂ ಮಾಮೂಲಿ ವೇಗದಲ್ಲಿ ಕಾರು ಓಡಿಸುವಾಗ, ಚೋರ್ಲಾ ಘಾಟ್‌ನ ವೇಗ ಮತ್ತು ಎತ್ತರವನ್ನು ಸೆಕೆಂಡಿಗೊಮ್ಮೆ ದಾಖಲಿಸಿ. ಆ ಅಂಕಿಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ. ಪ್ರತಿ ಸೆಕೆಂಡಿಗೂ ಹಿಂದಿನ ಆಕ್ಸಲ್ ಮೇಲಿನ ತೂಕ, ಟೈರ್ ಮಿತಿ, ಮೋಟಾರ್ ಮಿತಿ, ಬ್ಯಾಟರಿ ಮಿತಿ, ಈ ನಾಲ್ಕು ಕಾಲಂ ಬರೆಯಿರಿ. ನಾಲ್ಕರಲ್ಲಿ ಯಾವುದು ಮೊದಲು ಅಡ್ಡ ಬರುತ್ತದೆ ಅಂತ ಬಣ್ಣ ಹಚ್ಚಿ. ಮೊದಲು 147 ಕಿಲೋವ್ಯಾಟ್ ಮೋಟಾರ್, 10 ಕಿಲೋವ್ಯಾಟ್ ಅವರ್ ಬ್ಯಾಟರಿ ಇಟ್ಟು ಓಡಿಸಿ, ಆಮೇಲೆ 75 ಮತ್ತು 3 ಇಟ್ಟು. ಎರಡರ ವ್ಯತ್ಯಾಸ ಎಷ್ಟು ಬಂತು ಅಂತ ಹಾಳೆ ಸಮೇತ ಬರೆದು ಕಳಿಸಿ. ಗೇರ್ ಅನುಪಾತ, ಟೈರ್ ಸೈಜ್ ಮತ್ತು ಮೋಟಾರಿನ ಗರಿಷ್ಠ ಆರ್‌ಪಿಎಂ ಸೇರಿಸುವುದನ್ನು ಮರೆಯಬೇಡಿ. ಅವಿಲ್ಲದೆ ಪಿ2 ಕ್ಲಚ್‌ನ ಲೆಕ್ಕ ಮಾಡಲಾಗದು.